ಸೊಸೆಯ ಕಬ್ಬಿಣ, ನನ್ನ ಟಿಕ್ ಮಾರ್ಕು

ಬೆವರು ಸುರಿಸಿದರೆ ಬದಲಿಗೆ ಏನಾದರೂ ಸಿಗಬೇಕು ಎಂದು ನಂಬಿ ಬೆಳೆದವಳು ನಾನು. ಬಟ್ಟೆ ಒಗೆದರೆ ಕೊಳೆ ಹೋಗಬೇಕು, ರುಬ್ಬಿದರೆ ಹಿಟ್ಟಾಗಬೇಕು, ಕೊಡ ಹೊತ್ತು ಮೂರು ಮಾಳಿಗೆ ಹತ್ತಿದರೆ ಡ್ರಮ್ಮು ತುಂಬಬೇಕು. ಏನೂ ಆಗದೆ ಬರೀ ಬೆವರು ಮಾತ್ರ ಬರುವ ಕೆಲಸವೂ ಲೋಕದಲ್ಲಿ ಉಂಟು, ಅದಕ್ಕೆ ಹಾಬಿ ಎಂದು ಹೆಸರು, ಅದನ್ನು ಮಾಡಲು ಜನ ಬೆಳಗ್ಗೆ ಎದ್ದು ಓಡುತ್ತಾರೆ ಎಂದು ನನಗೆ ತಿಳಿದದ್ದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಸೊಸೆಯಿಂದ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹಾಗಾಗಿ ತಡವಾಗಿ ತಿಳಿಯುವ ಸಂಗತಿಗಳು ನನ್ನ ಪಾಲಿಗೆ ಜಾಸ್ತಿ. ಅದಕ್ಕೇನೂ ಬೇಸರವಿಲ್ಲ. ಬೇಗ ತಿಳಿದವರು ಬಹಳ ಮುಂದೆ ಹೋದದ್ದನ್ನೂ ನಾನು ಕಂಡಿಲ್ಲ.

ನನ್ನ ಸೊಸೆ ಮಮತಾ. ದಹಿಸರಿನಿಂದ ಅಂಧೇರಿಗೆ ಲೋಕಲ್ ರೈಲಿನಲ್ಲಿ ಹೋಗಿ, ಒಂದು ಕಂಪನಿಯ ಆಫೀಸಿನಲ್ಲಿ ಹದಿನಾರು ವರ್ಷ ಕೂತು ಬಂದವಳು. ಕೂತದ್ದು ಆಫೀಸಿನಲ್ಲಿ ಮಾತ್ರ. ಗಾಡಿಯಲ್ಲಿ ಹೋಗುವಾಗಲೂ ಬರುವಾಗಲೂ ನಿಂತೇ. ಒಂದು ಕೈ ಮೇಲಿನ ಹಿಡಿಕೆಗೆ, ಇನ್ನೊಂದು ಕೈ ಚೀಲಕ್ಕೆ, ಬೆನ್ನು ದೇವರಿಗೆ. ದೇವರು ಸರಿಯಾಗಿ ನೋಡಿಕೊಳ್ಳಲಿಲ್ಲ. ಒಂದು ದಿನ ಬಗ್ಗಿ ಚಪ್ಪಲಿ ಹಾಕಿಕೊಳ್ಳಲೂ ಆಗದೆ ಬಾಗಿಲಲ್ಲೇ ನಿಂತಳು. ಡಾಕ್ಟರು, "ಮಾತ್ರೆ ನಾನು ಕೊಡಬಹುದು. ಬೆನ್ನಿಗೆ ಬಲ ನೀವೇ ತಂದುಕೊಳ್ಳಬೇಕು" ಎಂದರಂತೆ. ಅದನ್ನು ತರಲು ಅವಳು ಸ್ಟೇಷನ್ ಹತ್ತಿರದ ಒಂದು ಜಿಮ್ಮಿಗೆ ಹೋದಳು. ಒಂದು ತಿಂಗಳು ಹೋದಾಳು ಎಂದು ನನ್ನ ಅಂದಾಜು. ಸಂಗೀತದ ಕ್ಲಾಸು, ಹೊಲಿಗೆ ಕ್ಲಾಸು, ಬೇಳೆ ನೆನೆಸಿ ಮೊಳಕೆ ತಿನ್ನುವ ವ್ರತ, ಈ ಬಿಲ್ಡಿಂಗಿನಲ್ಲಿ ಎಷ್ಟು ನೋಡಿಲ್ಲ ನಾನು! ಎಲ್ಲದರ ಆಯುಸ್ಸೂ ಒಂದೇ ತಿಂಗಳು. ಆದರೆ ಇವಳು ಬಿಡಲಿಲ್ಲ. ವರ್ಷವಾಯಿತು, ಎರಡಾಯಿತು. ಒಂದು ಬೆಳಗ್ಗೆ ಗ್ಯಾಸ್ ತಂದವನು ಬಾಗಿಲಲ್ಲಿ ಸಿಲಿಂಡರ್ ಇಟ್ಟು ಬೆವರು ಒರೆಸಿಕೊಳ್ಳುತ್ತಿದ್ದಾಗ, ಇವಳು ಅದನ್ನು ಎರಡು ಕೈಯಲ್ಲಿ ಎತ್ತಿ, ಮಗುವನ್ನು ತೊಟ್ಟಿಲಲ್ಲಿ ಮಲಗಿಸುವ ಹಾಗೆ ಅಡುಗೆ ಕಟ್ಟೆಯ ಕೆಳಗೆ ಇಟ್ಟು ಬಂದಳು. ಆ ಮನುಷ್ಯ ನನ್ನ ಮುಖ ನೋಡಿದ. ನಾನು, ನಮ್ಮ ಮನೆಯಲ್ಲಿ ಎಲ್ಲರೂ ಹೀಗೆಯೇ ಎಂಬಂತೆ ನಿಂತೆ. ಒಳಗೆ ಮಾತ್ರ, ಈ ಹುಡುಗಿಯ ಹತ್ತಿರ ಇನ್ನು ಮುಂದೆ ಸ್ವಲ್ಪ ಯೋಚಿಸಿ ಮಾತಾಡಬೇಕು ಅನಿಸಿತು.

ನಾಲ್ಕು ವರ್ಷ ಕಬ್ಬಿಣ ಎತ್ತಿದ ಮೇಲೆ ಅವಳಿಗೆ ಕಲಿಸುವ ಆಸೆ ಹುಟ್ಟಿತು. ಅದಕ್ಕೂ ಒಂದು ಪರೀಕ್ಷೆ ಉಂಟಂತೆ. ಮೂಳೆಗಳ ಹೆಸರು ಬರೆದ ಚೀಟಿಗಳನ್ನು ಫ್ರಿಜ್ಜಿಗೂ ಮಸಾಲೆ ಡಬ್ಬಿಗಳಿಗೂ ಅಂಟಿಸಿ, ಒಗ್ಗರಣೆ ಹಾಕುತ್ತಾ ಬಾಯಿಪಾಠ ಮಾಡಿದಳು. ಬೆನ್ನಿನಲ್ಲಿ ಅಷ್ಟೊಂದು ಮೂಳೆ ಉಂಟು ಎಂದು ಮೊದಲೇ ಗೊತ್ತಿದ್ದರೆ ನಾನು ಅಷ್ಟು ಧೈರ್ಯದಿಂದ ಕೊಡ ಹೊರುತ್ತಿರಲಿಲ್ಲ. ಪರೀಕ್ಷೆ ಪಾಸಾದಳು. ಆಮೇಲೆ ಹೇಳಿದಳು, "ಮಾಮಿ, ಜಿಮ್ಮಲ್ಲಿ ಎಲ್ಲ ಯಂಗ್ ಜನರ ಹಿಂದೆ ಓಡ್ತಾರೆ. ಮುದುಕರನ್ನು ಯಾರೂ ನೋಡುದಿಲ್ಲ. ನಾನು ಅವರಿಗೇ ಕಲಿಸ್ತೇನೆ." ನಮ್ಮ ಕಡೆ ಅತ್ತೆಗೆ ಮಾಮಿ ಎನ್ನುವುದು. "ಒಳ್ಳೇದು, ಕಲಿಸು" ಎಂದೆ. "ಹಾಗಾದ್ರೆ ನೀವೇ ಫಸ್ಟ್" ಎಂದಳು. ಪರರ ಮುದುಕಿಯರನ್ನು ಮನಸ್ಸಲ್ಲಿಟ್ಟುಕೊಂಡು ಆಶೀರ್ವಾದ ಮಾಡಿದ್ದೆ, ಸಿಕ್ಕಿಬಿದ್ದೆ.

ನನಗೆ ಕೊಟ್ಟ ಪಾಠ ಕೇಳಲು ಸಣ್ಣದು. ನೆಲದ ಮೇಲೆ ಕೂತು ಏಳಬೇಕು, ಬೆಳಗ್ಗೆ ಹತ್ತು ಸಲ, ಸಂಜೆ ಹತ್ತು ಸಲ. ಹಿಂದೆ ಇದೆಲ್ಲ ಒಂದು ವಿಷಯವೇ? ಊಟ ನೆಲದ ಮೇಲೆ, ನಿದ್ರೆ ನೆಲದ ಮೇಲೆ, ತರಕಾರಿ ಹೆಚ್ಚುವುದು ನೆಲದ ಮೇಲೆ. ಈಗ ಮಂಚ, ಕುರ್ಚಿ, ಟೇಬಲ್ಲು, ಅಡುಗೆಗೆ ಕಟ್ಟೆ. ನೆಲದ ಸಂಬಂಧ ಬಿಟ್ಟು ಹತ್ತು ವರ್ಷವಾಗಿತ್ತು, ಒರೆಸುವವಳಿಗೆ ಬಿಟ್ಟುಕೊಟ್ಟಿದ್ದೆ. ಮಮತಾ ಒಂದು ಕಾಗದಕ್ಕೆ ಗೆರೆ ಎಳೆದು ಫ್ರಿಜ್ಜಿಗೆ ಅಂಟಿಸಿ, "ನಾನು ಆಫೀಸಿಗೆ ಹೋದಾಗ ನೀವು ಮಾಡಿ ಟಿಕ್ ಹಾಕಿ, ಹಾಂ?" ಎಂದು ಪೆನ್ನನ್ನೂ ದಾರದಲ್ಲಿ ಕಟ್ಟಿ ಹೋದಳು. ನಾನು ತಪ್ಪದೆ ಟಿಕ್ ಹಾಕಿದೆ. ಕೂತು ಏಳುವುದೊಂದು ತಪ್ಪುತ್ತಿತ್ತು. ನಾಲ್ಕನೇ ಕ್ಲಾಸಿಗೆ ಬಿಟ್ಟ ಬರವಣಿಗೆ ಮತ್ತೆ ಕೈಗೆ ಸಿಕ್ಕಿದ ಸಂತೋಷಕ್ಕೋ ಏನೋ, ಒಂದು ಸೋಮವಾರ ಇಡೀ ವಾರದ್ದನ್ನು ಒಟ್ಟಿಗೆ ಹಾಕಿಬಿಟ್ಟೆ. ಶಾಲೆಯಿಂದ ಬಂದ ಮೊಮ್ಮಗಳು ಅದಿತಿ ನೋಡಿ, "ಅಜ್ಜಿ, ಇವತ್ತು ಸೋಮವಾರ. ಶುಕ್ರವಾರದ್ದು ಟಿಕ್ ಹೇಗೆ ಬಂತು?" ಎಂದಳು. ಕನ್ನಡ ತಡವರಿಸಿಕೊಂಡು ಮಾತಾಡುವ ಹುಡುಗಿ, ಆ ದಿನ ಮಾತ್ರ ಒಂದು ಅಕ್ಷರ ತಪ್ಪಲಿಲ್ಲ. ಎರಡು ಚಕ್ಕುಲಿ ಕೊಟ್ಟು ಕಳಿಸಿದೆ. ಆದಿತ್ಯವಾರ ಮಮತಾ ಎದುರಿಗಿರುವಾಗ ಮಂಚದ ಅಂಚು ಹಿಡಿದು ಹೇಗೋ ಎರಡು ಸಲ ಎದ್ದು, "ನಿನ್ನೆ ಜಾಸ್ತಿ ಮಾಡಿದೆ, ಕಾಲು ನೋವು" ಎನ್ನುತ್ತಿದ್ದೆ. ಹೀಗೆ ನಾಲ್ಕು ತಿಂಗಳು ನಾನು ವ್ಯಾಯಾಮ ಮಾಡಿದೆ.

ಅಷ್ಟರಲ್ಲಿ ಆದಿತ್ಯವಾರ ನಮ್ಮ ಮನೆಗೆ ಬಿಲ್ಡಿಂಗಿನ ಇಬ್ಬರು ಹೆಂಗಸರು ಬಂದರು, ಆಮೇಲೆ ಐವರು. ಸೋಫಾ ಗೋಡೆಗೆ, ಟೀಪಾಯಿ ಮಂಚದ ಮೇಲೆ, ನನ್ನ ಮಗ ದಿನೇಶ ಜಗಲಿಗೂ ಗತಿಯಿಲ್ಲದೆ ಲಿಫ್ಟಿನ ಹತ್ತಿರ. ಮಮತಾ ಒಂದು ರಾತ್ರಿ ಊಟಕ್ಕೆ ಕೂತಾಗ, ಆಫೀಸು ಬಿಟ್ಟು ಇದನ್ನೇ ಕೆಲಸ ಮಾಡಿಕೊಳ್ಳುತ್ತೇನೆ ಎಂದಳು. ದಿನೇಶ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಮ್ಯಾನೇಜರು. ಅವನಿಗೆ ಕೆಲಸ ಎಂದರೆ ಗಿರಾಕಿ ಬಂದು ಕೂರುವುದು, ತಿಂದು ಏಳುವುದು. "ಬರೀ ಕೂರ್ಲಿಕ್ಕೆ, ಏಳ್ಲಿಕ್ಕೆ ಯಾರು ಬರ್ತಾರೆ ಮಾರಾಯ್ತಿ? ಪರ್ಮನೆಂಟ್ ಕೆಲಸ ಬಿಟ್ಟು ಮುದುಕಿಯರನ್ನು ಕುಣಿಸ್ತಾಳಂತೆ! ಅಮ್ಮ, ನೀನಾದ್ರೂ ಹೇಳು" ಎಂದ. "ಹದಿನಾರು ವರ್ಷ ಗಾಡಿಯಲ್ಲಿ ನಿಂತದ್ದು ನೀನಾ, ಅವಳಾ?" ಎಂದೆ. ಅವನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡ. ಮಮತಾ ಮಾತ್ರ ಹಾರಿ ಬೀಳುವವಳಲ್ಲ. ಮನೆಯಲ್ಲಿ ಜಾಗ ಸಾಲದು, ಸೊಸೈಟಿಯ ಮೀಟಿಂಗಿನಲ್ಲಿ ಕೇಳಿ ಬಿಲ್ಡಿಂಗಿನ ಕೆಳಗಿನ ದೊಡ್ಡ ಹಾಲು ಸಿಕ್ಕಿದರೆ ಕೆಲಸ ಬಿಡುತ್ತೇನೆ, ಸಿಗದಿದ್ದರೆ ಅಂಧೇರಿಯೇ ಗತಿ ಎಂದಳು. ರಾಜೀನಾಮೆಯ ಕಾಗದ ಬರೆದು ಚೀಲದಲ್ಲಿ ಇಟ್ಟುಕೊಂಡಳು. ಮೀಟಿಂಗ್ ಆಗುವವರೆಗೆ ಆ ಕಾಗದ ದಿನವೂ ಊಟದ ಡಬ್ಬಿಯ ಪಕ್ಕದಲ್ಲಿ ಕೂತು ಅಂಧೇರಿಗೆ ಹೋಗುತ್ತಿತ್ತು, ಸಂಜೆ ವಾಪಸು ಬರುತ್ತಿತ್ತು. ಒಂದು ಮೂಲೆಗೆ ಸಾರಿನ ಕಲೆಯೂ ಆಯಿತು.

ಸೊಸೈಟಿಯ ಮೀಟಿಂಗಿನಲ್ಲಿ ಮೆಂಬರೇ ಮಾತಾಡಬೇಕೆಂದು ನಿಯಮ. ನಮ್ಮ ಮನೆ ನನ್ನ ಹೆಸರಿನಲ್ಲಿರುವುದರಿಂದ ಮೆಂಬರು ನಾನು. ಗಂಡ ಬದುಕಿದ್ದಾಗ ಹಾಗೆ ಮಾಡಿಟ್ಟಿದ್ದರು. ಹೆಂಡತಿಯ ಮೇಲೆ ಪ್ರೀತಿ ಎಂದು ಜನ ಹೇಳಿದರು, ತಮ್ಮಂದಿರ ಮೇಲೆ ನಂಬಿಕೆ ಇರಲಿಲ್ಲ ಎಂಬುದು ನನಗೆ ಗೊತ್ತು. ಮೀಟಿಂಗ್ ಹಿಂದಿಯಲ್ಲಿ ಶುರುವಾಗಿ ಜಗಳದ ಹೊತ್ತಿಗೆ ಮರಾಠಿಗೆ ತಿರುಗುತ್ತದೆ, ಎರಡೂ ನನಗೆ ಬರುತ್ತವೆ. ಗಣಪತಿ ಕೂರಿಸುವ ಹತ್ತು ದಿನ ಬಿಟ್ಟರೆ ಆ ಹಾಲಿನಲ್ಲಿ ಇರುವುದು ಮುರಿದ ಕುರ್ಚಿಗಳು, ಅದನ್ನು ಬೆಳಗ್ಗೆ ಎರಡು ಗಂಟೆ ನನ್ನ ಸೊಸೆಗೆ ಕೊಡಿ ಎಂದು ನೇರವಾಗಿ ಕೇಳಿದೆ. ಸೆಕ್ರೆಟರಿ ಪರಬ್ ಕೆಟ್ಟ ಮನುಷ್ಯನಲ್ಲ. ಎಲ್ಲದಕ್ಕೂ ಹೆದರುವವನು, ಅಷ್ಟೇ. "ಆಜಿ, ವಯಸ್ಸಾದವರು ಬಿದ್ದು ಕಾಲು ಮುರಿದರೆ ಸೊಸೈಟಿ ಜವಾಬ್ದಾರಿ ಆಗುತ್ತದೆ. ಈ ಪ್ರಾಯದಲ್ಲಿ ಯಾಕೆ ಇದೆಲ್ಲ? ಆರಾಮ ಕರಾ" ಎಂದ. ಹಿಂದೆ ಯಾರೋ ನಕ್ಕರು. ಮಮತಾ ಹಿಂದಿನ ಸಾಲಿನಲ್ಲಿ ದಿನೇಶನ ಪಕ್ಕ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು, ಅದರೊಳಗೆ ಕಾಗದ. ನನಗೆ ಸಿಟ್ಟು ಬಂತು. "ನನಗೆ ಎಪ್ಪತ್ತಮೂರು. ನಾಲ್ಕು ತಿಂಗಳಿಂದ ಇವಳ ಹತ್ತಿರ ಕಲಿಯುತ್ತಿದ್ದೇನೆ" ಎಂದೆ. "ಬಸಾ ಆಜಿ, ಬಸಾ" ಎಂದ ಪರಬ್. ಕೂತುಕೊಳ್ಳಿ ಎಂದದ್ದು. ಕೂತೆ. ಕುರ್ಚಿಯ ಮೇಲಲ್ಲ, ಎಲ್ಲರ ಎದುರಿಗೆ, ನೆಲದ ಮೇಲೆ. "ಈಗ ಏಳುತ್ತೇನೆ, ನೋಡು!"

ಕೂರುವುದು ದೊಡ್ಡ ವಿದ್ಯೆಯಲ್ಲ, ಅರ್ಧ ಕೆಲಸ ಭೂಮಿಯೇ ಮಾಡುತ್ತದೆ. ಕೂತ ಮೇಲೆ ನನಗೆ ಫ್ರಿಜ್ಜಿನ ಮೇಲಿನ ಕಾಗದ ನೆನಪಾಯಿತು. ಅಷ್ಟೂ ಟಿಕ್ ಮಾರ್ಕುಗಳು ಸಾಲಾಗಿ ಕಣ್ಣ ಮುಂದೆ ನಿಂತವು, ಒಂದೂ ಕೈ ಕೊಡಲಿಲ್ಲ. ಒಮ್ಮೆ ಮೈಯನ್ನು ಮೇಲಕ್ಕೆ ಎಳೆದೆ. ಸೀರೆ ಎದ್ದಿತು, ನಾನು ಏಳಲಿಲ್ಲ. ಇನ್ನೊಮ್ಮೆ ಎಳೆದೆ. ಪರಬ್, "ನಾನು ಹೇಳಿದ್ದು ಇದನ್ನೇ" ಎಂದ. ದಿನೇಶ ಓಡಿ ಬಂದು ನನ್ನ ರಟ್ಟೆಗೆ ಕೈ ಹಾಕಿದ. ಆಗ ಹಿಂದಿನಿಂದ ಒಂದು ಸ್ವರ ಬಂತು. ಮನೆಯಲ್ಲಿ ಕೇಳಿದ ಸ್ವರವಲ್ಲ.

"ದಿನೇಶ್, ಕೈ ಬಿಡು. ಯಾರೂ ಮುಟ್ಟಬೇಡಿ."

ಮಮತಾ ಬಂದು ನನ್ನ ಪಕ್ಕದಲ್ಲಿ ತಾನೂ ನೆಲದ ಮೇಲೆ ಕೂತಳು. "ಮಾಮಿ, ಎಲ್ಲಿಯಾದ್ರೂ ನೋವು ಉಂಟಾ?" ಎಂದು ಮೆಲ್ಲಗೆ ಕೇಳಿದಳು. "ನೋವು ಎಂತ ಇಲ್ಲ, ನಾಚಿಕೆ ಉಂಟು" ಎಂದೆ. "ಅದಕ್ಕೆ ಎಕ್ಸರ್‌ಸೈಜ್ ಇಲ್ಲ. ಮೊದಲು ಉಸಿರು ಬಿಡಿ" ಎಂದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹಿಂದಿಯಲ್ಲಿ, ಒಂದೊಂದೇ ಮಾತು, ಅವಸರವಿಲ್ಲದೆ ಹೇಳಿದಳು. ಒಂದು ಮಗ್ಗುಲಿಗೆ ತಿರುಗಿ. ಮೊಣಕೈ ಊರಿ. ಈಗ ಅಂಗೈ. ಮಗುವಿನ ಹಾಗೆ ಅಂಬೆಗಾಲು. ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಅಲ್ಲಿಯವರೆಗೆ ಬನ್ನಿ ಎಂದಳು. ಅಂಬೆಗಾಲಿಟ್ಟು ಹೋದೆ. ಎಪ್ಪತ್ತೆರಡು ವರ್ಷದ ನಂತರ, ಇಡೀ ಸೊಸೈಟಿಯ ಎದುರಿಗೆ. ಎರಡೂ ಕೈ ಕುರ್ಚಿಯ ಮೇಲೆ. ಗಟ್ಟಿ ಇರುವ ಕಾಲು ಮುಂದೆ. "ಅವಸರ ಇಲ್ಲ. ಮುಂದಕ್ಕೆ ಬಗ್ಗಿ, ಪಾದ ಒತ್ತಿ. ಈಗ." ಎದ್ದೆ. ತಿರುಗಿ ಆ ಕುರ್ಚಿಯ ಮೇಲೆಯೇ ಕೂತೆ. ಅವಳ ಒಂದು ಬೆರಳು ನನಗೆ ತಾಗಿರಲಿಲ್ಲ. ಗ್ಯಾಸ್ ಸಿಲಿಂಡರ್ ಎತ್ತುವ ಕೈಗಳು, ನನ್ನನ್ನು ಎತ್ತದೆ ಸುಮ್ಮನೆ ಇದ್ದವು. ಎತ್ತುವುದಕ್ಕಿಂತ ಅದು ಕಷ್ಟ ಎಂದು ನನಗೆ ಆವತ್ತು ತಿಳಿಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕೂತಿದ್ದ ಪರಬನ ತಾಯಿ ಮಾತ್ರ, "ಇನ್ನೊಮ್ಮೆ ತೋರಿಸು" ಎಂದಳು. ಪರಬ್, "ಆಯೀ, ನಿನಗೆ ಯಾಕೆ?" ಎಂದ. ಆಕೆ ಮಗನ ಕಡೆ ನೋಡದೆ ಹೇಳಿದಳು, "ಹೋದ ವರ್ಷ ಬಾತ್‌ರೂಮಿನಲ್ಲಿ ಬಿದ್ದೆ. ಬಿದ್ದು ಐದು ನಿಮಿಷ ಆಯಿತು ಎಂದು ನಿನಗೆ ಹೇಳಿದ್ದೆ. ನೀನು ಕೆಲಸದಿಂದ ಬರುವವರೆಗೆ, ಎರಡು ತಾಸು ಹಾಗೆಯೇ ಬಿದ್ದಿದ್ದೆ. ಮೂಳೆ ಮುರಿದಿರಲಿಲ್ಲ, ಏನೂ ಆಗಿರಲಿಲ್ಲ. ಏಳುವುದು ಹೇಗೆಂದು ಗೊತ್ತಿರಲಿಲ್ಲ." ಪರಬ್ ಕನ್ನಡಕ ತೆಗೆದು ಒರೆಸಿ, ಮೂರು ತಿಂಗಳ ಮಟ್ಟಿಗೆ ಕೊಡುವ, ಆಮೇಲೆ ನೋಡುವ, ಕುರ್ಚಿಗಳನ್ನು ಮಾತ್ರ ಜಾಗದಲ್ಲಿ ಇಡಬೇಕು ಎಂದ. ಅವನ ತಾಯಿ, "ಮೊದಲು ಬೀಗದ ಕೈ ಕೊಡು" ಎಂದಳು.

ಮರುದಿನ ಕಾಗದ ಅಂಧೇರಿಗೆ ಹೋಯಿತು, ವಾಪಸು ಬರಲಿಲ್ಲ. ಮೂರು ತಿಂಗಳ ಮಾತು ಈಗ ಯಾರಿಗೂ ನೆನಪಿಲ್ಲ. ಬೆಳಗ್ಗೆ ಏಳಕ್ಕೆ ಒಂದು ಗುಂಪು, ಎಂಟಕ್ಕೆ ಒಂದು. ಪಕ್ಕದ ಬಿಲ್ಡಿಂಗಿನಿಂದ ಇಬ್ಬರು ಗಂಡಸರೂ ಬರುತ್ತಾರೆ, ಹೆಂಗಸರಿಗಿಂತ ಜಾಸ್ತಿ ನರಳುತ್ತಾರೆ. ದಿನೇಶ ತನ್ನ ಹೋಟೆಲಿನಲ್ಲಿ ಹೆಂಡತಿಯ ವಿಷಯ ಹೇಳುವಾಗ, ಇದೆಲ್ಲ ಶುರುವಿನಿಂದ ತನ್ನದೇ ಐಡಿಯಾ ಎಂಬಂತೆ ಹೇಳುತ್ತಾನೆ ಎಂದು ಸುದ್ದಿ. ಹೇಳಿಕೊಳ್ಳಲಿ.

ಫ್ರಿಜ್ಜಿನ ಮೇಲಿನ ಕಾಗದವನ್ನು ಮಮತಾ ಮೀಟಿಂಗಿನ ರಾತ್ರಿಯೇ ತೆಗೆದಳು. ದಾರದ ಪೆನ್ನನ್ನೂ ಬಿಚ್ಚಿಕೊಂಡಳು. ಒಂದು ಲೆಕ್ಕದಲ್ಲಿ ಇದೆಲ್ಲ ನನ್ನಿಂದಲೇ ಆದದ್ದು. ನಾನು ಶ್ರದ್ಧೆಯಿಂದ ವ್ಯಾಯಾಮ ಮಾಡಿ ಆವತ್ತು ಠಣ್ಣನೆ ಎದ್ದಿದ್ದರೆ, ಜನ ಮುದುಕಿ ಗಟ್ಟಿ ಇದ್ದಾಳೆ ಎಂದು ಚಹಾ ಕುಡಿದು ಹೋಗುತ್ತಿದ್ದರು. ಇದನ್ನು ಅವಳಿಗೆ ಒಮ್ಮೆ ವಿವರಿಸಬೇಕೆಂದು ಉಂಟು, ಬಾಯಿ ಬರುವುದಿಲ್ಲ. ಈಗ ಕ್ಲಾಸಿನಲ್ಲಿ ನನಗೆ ಅವಳ ಕಣ್ಣ ಮುಂದೆಯೇ ಜಾಗ. ನನ್ನ ಎಣಿಕೆ ಮಾಡುವುದು ಪರಬನ ತಾಯಿ. ಏಳನೇ ಸಲ ನಾನು ಅರ್ಧಕ್ಕೆ ಎದ್ದರೆ ಆಕೆ ಏಳು ಎಂಬುದನ್ನೇ ಎರಡು ಸಲ ಎಣಿಸುತ್ತಾಳೆ. ಮೊನ್ನೆ ಹೊಸದಾಗಿ ಬಂದ ಹೆಂಗಸೊಬ್ಬಳು, "ನೀವು ಎಷ್ಟು ಸಮಯದಿಂದ ಕಲಿಯುತ್ತಿದ್ದೀರಿ?" ಎಂದು ಕೇಳಿದಳು. "ಒಂದು ವರ್ಷ ಆಯಿತು" ಎಂದೆ, ಸ್ವಲ್ಪ ಗತ್ತಿನಿಂದಲೇ. ಚಾಪೆ ಸುತ್ತುತ್ತಿದ್ದ ಮಮತಾ ತಲೆ ಎತ್ತದೆ ಹೇಳಿದಳು, "ಎಂಟು ತಿಂಗಳು, ಮಾಮಿ."