ಕೇಳಿ ಹೇಳುವವರಿಗೆ ಒಂದು ಚೆಂಡು ಮಲ್ಲಿಗೆ

ಗಂಡಂದಿರ ಮೇಲೆ ನಮ್ಮ ದೊಡ್ಡಮ್ಮನಿಗೆ ಯಾವ ದ್ವೇಷವೂ ಇಲ್ಲ. ಅವರ ಮಾತೆತ್ತಿದವರಿಗೆ ದಂಡ, ಅಷ್ಟೇ!

ಶಂಕರಪುರದ ದೊಡ್ಡಮ್ಮನ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಹೆಂಗಸರ ಉಳಿತಾಯ ಸಂಘ ಸೇರುತ್ತದೆ. ಅಧ್ಯಕ್ಷೆ ಅವರೇ, ಕಾನೂನೂ ಅವರದೇ. ಸಾಲ ಕೇಳುವವಳು ಯಾಕೆ ಬೇಕೆಂದು ತಾನೇ ಬಾಯಿಬಿಟ್ಟು ಹೇಳಬೇಕು. "ಮನೆಯವರನ್ನು ಕೇಳಿ ಹೇಳ್ತೇನೆ" ಎಂದಳೋ, ಅಲ್ಲೇ ಕುಳಿತು ಸಂಘಕ್ಕೆ ಒಂದು ಚೆಂಡು ಮಲ್ಲಿಗೆ ಕಟ್ಟಬೇಕು. ಚೆಂಡೆಂದರೆ ಎಂಟುನೂರು ಮೊಗ್ಗು; ಅಷ್ಟು ಕಟ್ಟಿದ ಬೆನ್ನು ನೆಟ್ಟಗಾಗುವುದು ಮರುದಿನವೇ!

ಒಮ್ಮೆ ಬ್ಯಾಂಕಿನವರೊಬ್ಬರು ಬಂದರು. ಸಂಘಕ್ಕೆ ಸಾಲ ಕೊಡುತ್ತೀರಾ ಎಂದರೆ, "ಮೇಲಿನವರನ್ನು ಕೇಳಿ ಹೇಳ್ತೇನಮ್ಮ" ಎಂದುಬಿಟ್ಟರು. ಎಲ್ಲರ ಕಣ್ಣೂ ದೊಡ್ಡಮ್ಮನ ಮೇಲೆ!

"ನಿಮಗೂ ಯಜಮಾನ್ರು ಇದ್ದಾರಾ? ಪಾಪ. ಕೂತ್ಕೊಳ್ಳಿ, ಬಾಳೆನಾರು ಅಲ್ಲುಂಟು."

ಅವರು ಕಟ್ಟಿದ್ದನ್ನು ಎತ್ತಿದರೆ ಹೂವೆಲ್ಲ ನೆಲದಲ್ಲಿ, ನಾರು ಕೈಯಲ್ಲಿ. ಸಾಲವಂತೂ ಮಂಜೂರಾಯಿತು. (ಆತ ಕಟ್ಟಲೇ ಇಲ್ಲ, ಎದ್ದು ಓಡಿದ ಎನ್ನುತ್ತಾರೆ ದೊಡ್ಡಪ್ಪ. ನನ್ನ ನೆನಪಿಗೆ ಅಲಂಕಾರದ ಚಾಳಿ ಇದೆ. ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ.)

ಆಮೇಲೆ ನನ್ನ ಸರದಿ. ಉದ್ಯಾವರದಲ್ಲಿ ಹೊಲಿಗೆ ಅಂಗಡಿ ಹಾಕುವ ಆಸೆ. ಆಸೆ ಹೊಟ್ಟೆಯೊಳಗಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಎಂತ ಬೇಕು ನಿಂಗೆ?"

"ಅದು... ಇವರನ್ನೊಂದು ಮಾತು ಕೇಳಿ..."

"ಕಟ್ಟು!"

ಎಷ್ಟು ಭಾನುವಾರ ಕಟ್ಟಿದೆನೋ! ಒಂದು ದಿನ ಬೆರಳು ಬಾತು, ಸಿಟ್ಟು ನೆತ್ತಿಗೇರಿ ಕಿರುಚಿದೆ: "ನಂಗೆ ಅಂಗಡಿ ಬೇಕು! ನಂಗೇ ಬೇಕು!"

"ಅಷ್ಟೇ ಅಲ್ವಾ ಮಾರಾಯ್ತಿ? ಅದಕ್ಕೆ ಇಷ್ಟು ಹೂವು ಹಾಳು ಮಾಡಿದ್ಯಲ್ಲ!"

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ಮಧ್ಯಾಹ್ನ ಮನೆಯವರು ಊಟದ ಡಬ್ಬಿ ತಂದುಕೊಡುತ್ತಾರೆ, ಯಾರನ್ನೂ ಕೇಳದೆ! ಬೋರ್ಡಿನಲ್ಲಿ ನನ್ನ ಹೆಸರಿದೆ ನಿಜ. ಆದರೆ ಅಂಗಡಿ ನಿಂತಿರುವುದು ದೊಡ್ಡಮ್ಮನ ಆ ಒಂದು ಗದರಿಕೆಯ ಮೇಲೆ.

ಮೊನ್ನೆ ದೊಡ್ಡಮ್ಮನನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದೆ. ಒಂದು ಕಣ್ಣು ಹಿಂದೆಯೇ ಹೋಗಿತ್ತು, ಉಳಿದೊಂದಕ್ಕೂ ಪೊರೆ.

"ಆಪರೇಷನ್ ಮಾಡುವಾ ಅಲ್ವಾ ಅಮ್ಮ?" ಎಂದರು ಡಾಕ್ಟರು.

ದೊಡ್ಡಮ್ಮ ಗಾಳಿಯಲ್ಲಿ ತಡಕಾಡಿ ನನ್ನ ಕೈ ಹಿಡಿದರು. "ಇವಳನ್ನು ಕೇಳಿ ಹೇಳ್ತೇನೆ."

ದಂಡ ಎಂದು ನಾನು ಕೂಗಬೇಕಿತ್ತು. ಆ ಕೈಯನ್ನೇ ಒತ್ತಿ ಹಿಡಿದೆ. "ಮಾಡಿಸುವ ದೊಡ್ಡಮ್ಮ" ಎಂದೆ.

ಆಪರೇಷನ್ ಮುಗಿಸಿ ಮನೆಗೆ ಬಂದ ಮರುದಿನ ನೋಡಿದರೆ, ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಜಗಲಿಯಲ್ಲಿ ಕುಳಿತು ಬೆರಳ ತುದಿಯಿಂದ ಮೊಗ್ಗು ಹುಡುಕಿ ಕಟ್ಟುತ್ತಿದ್ದಾರೆ.

"ಇದೆಂತ ದೊಡ್ಡಮ್ಮ?"

"ಎಂತ ಎಂದರೆ? ದಂಡ." ಮಾಲೆಯನ್ನು ಗಂಟು ಹಾಕಿ ಎತ್ತಿದರು. ಒಂದು ಮೊಗ್ಗೂ ಬೀಳಲಿಲ್ಲ. "ಸಂಘಕ್ಕಲ್ಲ ಇದು. ತಲೆ ಎಲ್ಲುಂಟು ನಿನ್ನದು? ಬಗ್ಗು ಸ್ವಲ್ಪ."