ಹೆಬ್ಬೆರಳಿನ ತೂಕ

ತೂಕದ ವಿಚಾರದಲ್ಲಿ ತನ್ನ ಕಣ್ಣಿಗೆ ಮಣ್ಣೆರಚುವವನು ಗುಂಡ್ಲುಪೇಟೆ ತಾಲ್ಲೂಕಿನಲ್ಲೇ ಇನ್ನೂ ಹುಟ್ಟಿಲ್ಲ ಎಂದು ಭೀಮನಬೀಡಿನ ಗುರುಮಲ್ಲಮ್ಮ ಎದೆ ತಟ್ಟಿ ಹೇಳುತ್ತಿದ್ದಳು. ಹೇಳುವ ಹಕ್ಕೂ ಅವಳಿಗಿತ್ತು! ಅವಳು ಬೆಳೆದ ಚೆಂಡುಹೂವಿನ ಮೂಟೆ ತೂಗುವಾಗ, ಕೊಳ್ಳಲು ಬಂದ ವ್ಯಾಪಾರಿ ಮಹದೇವ ಮೂಟೆಗೆ ಮೆಲ್ಲಗೆ ಮಂಡಿ ಕೊಟ್ಟು ಎತ್ತುತ್ತಿದ್ದ. ಅವನು ಎತ್ತಿದಷ್ಟನ್ನು ಇವಳು ತೂಕದ ಯಂತ್ರದ ಅಂಚಿಗೆ ಕಾಲಿನ ಹೆಬ್ಬೆರಳು ಒತ್ತಿ ಇಳಿಸುತ್ತಿದ್ದಳು. ಒತ್ತುವಾಗ ಆಕಾಶ ನೋಡುತ್ತಿರಬೇಕು, ಅದು ಆ ವಿದ್ಯೆಯ ನಿಯಮ. ಹೀಗೆ ಎರಡು ಮೋಸ ಸೇರಿ ಒಂದು ನ್ಯಾಯವಾಗಿ, ಇಬ್ಬರೂ ನಗುನಗುತ್ತಾ ವ್ಯಾಪಾರ ಮುಗಿಸುತ್ತಿದ್ದರು.

ಈ ಮಹಾವಿದ್ಯೆಯನ್ನು ಗಂಡನ ಮೇಲೆ ಪ್ರಯೋಗಿಸುವ ಕಾಲ ಬಂತು. ಶಿವಮಲ್ಲುವಿನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಪೇಟೆಗೆ ಹೋಗಿ ಡಯಾಲಿಸಿಸ್. ಕುಡಿದ ನೀರು ಮೈಯಲ್ಲೇ ನಿಲ್ಲುವುದರಿಂದ ಅಳತೆ ನೀರು, ಅದೂ ಸಾರು ಮಜ್ಜಿಗೆ ಸೇರಿ. ಆಸ್ಪತ್ರೆಯಲ್ಲಿ ತೂಕ ನೋಡಿ, ಹೆಚ್ಚಾದಷ್ಟು ನೀರನ್ನು ಯಂತ್ರದಿಂದ ತೆಗೆಯುತ್ತಿದ್ದರು. ಶಿವಮಲ್ಲು ಕದ್ದು ಕುಡಿಯುತ್ತಿದ್ದ. ಅದು ಗೊತ್ತಾಗದಿರಲೆಂದು ತೂಕಕ್ಕೆ ನಿಂತಾಗ ತಲೆ ಸುತ್ತುವ ನೆಪದಲ್ಲಿ ಕಿಟಕಿಯ ಕಂಬಿಗೆ ಭಾರ ಬಿಡುತ್ತಿದ್ದ. ತೂಕ ಕಡಿಮೆ ಬೀಳುತ್ತಿತ್ತು, ನೀರು ಒಳಗೇ ಉಳಿಯುತ್ತಿತ್ತು. ಹೋದ ವಾರ ಮಲಗಲಾರದೆ, ಕೂತಲ್ಲೇ ಉಸಿರಿಗೆ ಒದ್ದಾಡಿದ್ದನ್ನು ನೋಡಿದ ಮೇಲೆ ಗುರುಮಲ್ಲಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಒಂದು ಚೊಂಬು ನೀರಿಗೆ ಈ ಮನುಷ್ಯ ಪ್ರಾಣ ಬಿಡುತ್ತಾನೆಂದು ಅವಳಿಗೆ ಭಯವಾಗಿತ್ತು.

ಆ ಬೆಳಿಗ್ಗೆ ಹೊರಡುವಾಗ, ಈ ಸಲ ಒಂದು ತೊಟ್ಟೂ ಜಾಸ್ತಿ ಕುಡಿದಿಲ್ಲ ಎಂದು ಶಿವಮಲ್ಲು ಆಣೆ ಮಾಡಿ ಹೇಳಿದ. ಅವಳು ರಾತ್ರಿ ತನಗೆಂದು ತುಂಬಿಟ್ಟಿದ್ದ ಚೊಂಬನ್ನು ನೋಡಿದಳು. ಅರ್ಧ ಖಾಲಿ! ಅವನು ಕಂಬಿ ಹಿಡಿದು ಇಳಿಸಿದಷ್ಟನ್ನು ತಾನು ಏರಿಸಬೇಕು. ಹೆಬ್ಬೆರಳು ಮಾತಾಡಲಿ ಎಂದುಕೊಂಡಳು.

ಆಸ್ಪತ್ರೆಯಲ್ಲಿ ಅವನು ತೂಕದ ಯಂತ್ರ ಹತ್ತಿದ. ಬೀಳದಂತೆ ಹಿಡಿದುಕೊಳ್ಳುವವಳ ಹಾಗೆ ಅವಳು ಹಿಂದೆ ನಿಂತು, ಸೀರೆಯ ಮರೆಯಲ್ಲಿ ಹೆಬ್ಬೆರಳು ಒತ್ತಿ, ನಿಯಮದಂತೆ ಫ್ಯಾನ್ ನೋಡತೊಡಗಿದಳು. ಹಾಗೆ ಫ್ಯಾನ್ ನೋಡುತ್ತಿದ್ದುದರಿಂದಲೇ, ಗಂಡ ಅಂದು ಕಂಬಿ ಮುಟ್ಟದೆ, ಕೈಕಟ್ಟಿ, ಎದೆ ಸೆಟೆಸಿ ನಿಂತಿದ್ದು ಕಾಣಲಿಲ್ಲ. ನರ್ಸ್ ರಂಜಿನಿ ಅಂಕಿ ನೋಡಿ, ಇಷ್ಟು ನೀರು ಕುಡಿದರೆ ಹೇಗೆಂದು ಗದರಿದಳು. ಕುಡಿದಿಲ್ಲ ಎಂದು ಅವನು ಗೋಗರೆದ. ಅಲ್ಲಿಗೆ ಬರುವವರೆಲ್ಲ ಹೇಳುವ ಮಾತದು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲ್ಲದ ನೀರನ್ನು ಯಂತ್ರ ಎಲ್ಲಿಂದ ತಂದೀತು? ಇದ್ದುದನ್ನೇ ಹಿಂಡಿತು. ಸ್ವಲ್ಪ ಹೊತ್ತಿಗೆ ಶಿವಮಲ್ಲುವಿನ ಕಾಲು ಸೆಳೆತ ಹಿಡಿಯಿತು, ಬಿಪಿ ಇಳಿಯಿತು, ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಮಂಚದ ತಲೆಭಾಗ ಇಳಿಸಿ, ಸಲೈನ್ ಬಿಟ್ಟರು. ಗುರುಮಲ್ಲಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ರಂಜಿನಿ ಅವಳ ಕಾಲನ್ನೇ ನೋಡಿದಳು. ಭೂಮಿ ಬಾಯಿ ಬಿಡಬಾರದೇ ಎಂದು ಗುರುಮಲ್ಲಮ್ಮನಿಗೆ ಅನ್ನಿಸಿತು.

ಅವನು ಕಣ್ಣು ಬಿಟ್ಟ ಮೇಲೆ ಚೊಂಬಿನ ಸಂಗತಿ ತಿಳಿಯಿತು. ಬಾಯಿ ಒಣಗಿದಾಗಲೆಲ್ಲ ಮುಕ್ಕಳಿಸಿ ಕರಿಬೇವಿನ ಗಿಡಕ್ಕೆ ಉಗಿದನಂತೆ.

"ಕುಡ್ದಿಲ್ಲ ಅಂತ ಒಂದ್ ಮಾತ್ ಹೇಳ್ಬಾರ್ದಾಗಿತ್ತಾ?"

"ಹೇಳ್ದೆ ಕಣಮ್ಮಿ."

"ಅದ್ನ ಪ್ರತಿ ಸಲಾನೂ ಹೇಳ್ತಿದ್ರಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ ಒಳ್ಳೇದುಕ್ಕೇ ಮಾಡ್ದೆ."

ಶಿವಮಲ್ಲು ಸಲೈನ್ ಬಾಟಲಿಯ ಕಡೆ ಮುಖ ತಿರುಗಿಸಿದ. ಬಾಯಾರಿ ಬಾಯಾರಿ ತಾನು ಉಳಿಸಿದ್ದ ನೀರು ಈಗ ಟ್ಯೂಬಿನಲ್ಲಿ ಹನಿಹನಿಯಾಗಿ ಒಳಗೆ ಹೋಗುವುದನ್ನು ನೋಡುತ್ತಾ ಮಲಗಿದ್ದ.

ಮರುದಿನ ಮಹದೇವ ಬಂದ. ಮೂಟೆ ಯಂತ್ರಕ್ಕೇರಿತು, ಅವನ ಮಂಡಿ ಮೂಟೆಯ ಕೆಳಗೆ ಸೇರಿತು. ಗುರುಮಲ್ಲಮ್ಮನ ಹೆಬ್ಬೆರಳು ಅಭ್ಯಾಸಬಲದಿಂದ ಮುಂದೆ ಹೋಗಿ, ಅರ್ಧಕ್ಕೇ ನಿಂತು, ಸೀರೆಯೊಳಗೆ ಹಿಂದೆ ಸರಿಯಿತು. ಬೇರೆ ದಾರಿ ಕಾಣದೆ ಅವಳು ಅವನನ್ನು ಬೈಯಲು ಬಾಯಿ ತೆರೆದಳು.

ಜಗುಲಿಯ ಮೇಲೆ ಕೂತಿದ್ದ ಶಿವಮಲ್ಲು ನಿನ್ನೆಯಿಂದ ಮೊದಲ ಸಲ ಮಾತಾಡಿದ.

"ಬುಡು ಕಣಮ್ಮಿ. ಅವ್ನೂ ನಮ್ ಒಳ್ಳೇದುಕ್ಕೇ ಮಾಡ್ತಾವ್ನ."