ಬೆಲ್ಲ-ನೀರಿನ ಮರ್ಯಾದೆ

ನಯಾಪೈಸೆ ಬಂದ ವರ್ಷದ ಬೇಸಿಗೆಯಲ್ಲಿ ಶಿವಮೊಗ್ಗದ ನೀರಿನ ಪಂಪು ಕೆಟ್ಟಿತು. ಮುರಿದ ಭಾಗ ರಿಪೇರಿಗೆಂದು ಭದ್ರಾವತಿಗೆ ಹೋಯಿತು. ಅದು ಬರುವ ತನಕ ಮುದುಕರು, ಕಾಯಿಲೆಯವರು, ಬಾಣಂತಿಯರು ಇರುವ ಮನೆಗೆ ಮಾತ್ರ ದಿನಕ್ಕೊಂದು ಕೊಡ ಕುಡಿಯುವ ನೀರು ಎಂದು ಪುರಸಭೆ ಆಫೀಸಿನಲ್ಲಿ ತೀರ್ಮಾನವಾಯಿತು. ಸವಳಂಗ ರಸ್ತೆ ಪಕ್ಕದ ತನ್ನದೇ ಬೀದಿಗೆ ಪೀಪಾಯಿ ಗಾಡಿಯ ಜೊತೆ ಹೊರಟವನು ಗುಮಾಸ್ತ ಶಿವಯೋಗಪ್ಪ.

ಕೊನೆಮನೆಯ ಮೀರಾ ಹಸಿ ಬಾಣಂತಿ, ಅವಳಿಗೆ ಒಂದು ಕೊಡ ಯಾವ ಮೂಲೆಗೆ ಎಂದು ಹೆಂಡತಿ ಸುಭದ್ರಮ್ಮ ಬೆಳಿಗ್ಗೆಯೇ ಕೇಳಿದ್ದಳು. ಕಾನೂನು ಮೀರಿ ತೊಟ್ಟು ನೀರೂ ಕೊಡೆನೆಂದು ಅವನು ಎದೆ ತಟ್ಟಿಕೊಂಡಿದ್ದ. ತನ್ನಷ್ಟು ಗಟ್ಟಿ ಮನುಷ್ಯ ಆಫೀಸಿನಲ್ಲೇ ಇಲ್ಲ ಎಂಬ ಭ್ರಮೆ ಅವನಿಗೆ ಬಹಳ ದಿನದಿಂದ ಇತ್ತು.

ಮೊದಲ ಮನೆ ಮುದುಕಿ ಮಾಸ್ತಮ್ಮನದು. ಕೊಡ ಇಳಿಸಿದ್ದೇ ತಡ, ಅದರಿಂದಲೇ ಒಂದು ಚೊಂಬು ಮೊಗೆದು, ಬೆಲ್ಲದ ಚೂರಿನೊಂದಿಗೆ ಮುಂದೆ ಹಿಡಿದಳು. ಬೇಡವೆಂದು ತಲೆಯಾಡಿಸಿದ.

"ಯಾಕಪ್ಪಾ, ನಮ್ಮನೆ ನೀರು ನಿಂಗೆ ಆಗಲ್ವಾ?"

ಕುಡಿದ. ಕುಡಿದ ಮೇಲೆ ಮುದುಕಿಯ ಪಾಲು ಕದ್ದಂತಾಗಿ ಇನ್ನೊಂದು ಕೊಡ ಸುರಿದ.

ಮುಂದೆ ಎಲ್ಲ ಬಾಗಿಲಲ್ಲೂ ಚೊಂಬು ಕಾದಿತ್ತು. ಗರಡಿಯಲ್ಲಿ ಸಾಮು ಮಾಡುವ ಭೈರಪ್ಪ ಕೂಡ ಪಕ್ಕದ ಮನೆಯಿಂದ ನೀರು ಕಡ ತಂದು, ಬೆಲ್ಲ ಹಿಡಿದು ನಿಂತಿದ್ದ. ಬೇಡವೆಂದರೆ ಮನೆತನಕ್ಕೇ ಅವಮಾನ, ಕುಡಿದರೆ ಕೊಡ ತುಂಬಿಸದೆ ಮನಸ್ಸು ಕೇಳದು. ಕೊನೆಮನೆ ತಲುಪುವ ಮೊದಲೇ ಪೀಪಾಯಿ ಬರಿದಾಗಿ ಹೊಟ್ಟೆ ಪೀಪಾಯಿಯಾಗಿತ್ತು.

ಬಾಣಂತಿಯ ನೀರನ್ನು ಗಟ್ಟಿಮುಟ್ಟಾದವರಿಗೆ ಹಂಚಿ ಬಂದೆನಲ್ಲ ಎಂದು ಅವನಿಗೆ ಅಳುವೇ ಬಂತು. ತಪ್ಪೊಪ್ಪಿಕೊಳ್ಳಲು ಮೀರಾಳ ಮನೆಗೆ ಹೋದರೆ ಅಂಗಳದ ತುಂಬ ತುಂಬಿದ ಕೊಡಗಳು. ಭೈರಪ್ಪ ಇನ್ನೊಂದನ್ನು ಇಳಿಸುತ್ತಿದ್ದ. ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದವಳು ಸುಭದ್ರಮ್ಮ.

ಶಿವಯೋಗಪ್ಪ ಹೊಟ್ಟೆಯ ಭಾರಕ್ಕೆ ಜಗಲಿಯ ಮೇಲೆ ಕುಸಿದ.

"ನೀವು ಕಾನೂನು ಬಿಡಲ್ಲ ಅಂತ ಗೊತ್ತಿತ್ತು ಕಣ್ರೀ," ಎಂದಳು ಅವಳು. "ಬೇಡ ಅನ್ನೋಕೆ ಬರಲ್ಲ ಅನ್ನೋದೂ ಗೊತ್ತಿತ್ತು. ಅದಕ್ಕೇ ನೀವು ಆಫೀಸಿಗೆ ಹೋದ ಮೇಲೆ ಮನೆಮನೆಗೂ ಬೆಲ್ಲ ಹಂಚಿ, ಹೆಚ್ಚಿಗೆ ಸಿಕ್ಕ ಕೊಡ ಇಲ್ಲಿಗೆ ತನ್ನಿ ಅಂತ ಹೇಳಿ ಬಂದೆ."

ಬಾಣಂತಿಗೆ ನೀರಾಯಿತಲ್ಲ ಎಂದು ಅವನ ಜೀವ ತಣ್ಣಗಾಯಿತು. ನಾಚಿಕೆಯೂ ಆಯಿತು. ನಮ್ಮ ಮನೆಗೂ ಒಂದು ಕೊಡ ಉಂಟೇ ಎಂದು ಮೆಲ್ಲಗೆ ಕೇಳಿದ.

"ನಮ್ಮನೆಗೆ ಹೇಗಾಗುತ್ತೆ? ಕಾನೂನು ಪ್ರಕಾರ ನಮ್ಮಲ್ಲಿ ಕೈಲಾಗದೋರು ಯಾರಿದ್ದಾರೆ?"

ಶಿವಯೋಗಪ್ಪ ಏಳಲು ಎರಡು ಸಲ ಪ್ರಯತ್ನಪಟ್ಟು, ಕೊನೆಗೆ ಭೈರಪ್ಪನ ಕಡೆಗೆ ಕೈ ಚಾಚಿದ.